ಹದಿನೇಳನೇ ಲೋಪಕ್ಕೆ ನಾನು ಹಾಕಿದ ಸಹಿ

ಆಡಿಟ್‌ಗೆ ಹದಿನೆಂಟು ದಿನ ಉಳಿದಿದ್ದಾಗ ನನ್ನ ಪಟ್ಟಿಯಲ್ಲಿ ನಲವತ್ತಮೂರು ಲೋಪಗಳಿದ್ದವು. ಹುಡುಕಿ ಬರೆದವನೂ ನಾನೇ, ಮುಚ್ಚಬೇಕಾದವನೂ ನಾನೇ.

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ, ಪಂಪ್ ಮೋಟಾರುಗಳಿಗೆ ತಗಡಿನ ಬಿಡಿಭಾಗಗಳನ್ನು ಒತ್ತಿಕೊಡುವ ಕಾರ್ಖಾನೆ ಅದು. ನಾನು ಗುಣಮಟ್ಟ ವಿಭಾಗದ ಎಂಜಿನಿಯರ್. ಗುಣಮಟ್ಟಕ್ಕೂ ಕಾರ್ಮಿಕರ ಸುರಕ್ಷತೆಗೂ ಹೊರಗಿನ ಸಂಸ್ಥೆಯ ಸರ್ಟಿಫಿಕೇಟ್ ಇದ್ದರಷ್ಟೇ ಮುಂದಿನ ಆರ್ಡರ್ ಎಂದು ನಮ್ಮ ದೊಡ್ಡ ಗಿರಾಕಿ ಪತ್ರ ಬರೆದಿದ್ದರು. ಹೊರಗಿನ ಆಡಿಟರ್ ಬರುವ ಮುಂಚೆ ಒಳಗಿನವರೇ ಒಮ್ಮೆ ಕಾರ್ಖಾನೆಯನ್ನೆಲ್ಲ ತಪಾಸಣೆ ಮಾಡಬೇಕು. ಕಂಡ ಲೋಪಗಳಿಗೆ ನಂಬರ್ ಹಾಕಿ ಬರೆಯಬೇಕು. ಸರಿಪಡಿಸಿದ ಮೇಲೆ ಕಣ್ಣಾರೆ ನೋಡಿ ಸಹಿ ಹಾಕಬೇಕು. ‘ಸ್ಥಳದಲ್ಲಿ ಪರಿಶೀಲಿಸಿದೆ’ ಎಂಬ ಸಾಲು ಫಾರಂನಲ್ಲೇ ಅಚ್ಚಾಗಿತ್ತು. ಆ ಫಾರಂ ತಯಾರಿಸಿದವನೂ ನಾನು.

ಹೆಚ್ಚಿನವು ಸಣ್ಣಪುಟ್ಟವು. ಅವಧಿ ಮುಗಿದ ಬೆಂಕಿ ಆರಿಸುವ ಸಿಲಿಂಡರ್, ಅಳತೆ ಪರೀಕ್ಷೆಯ ಚೀಟಿ ಇಲ್ಲದ ವರ್ನಿಯರ್ ಅಳತೆಗೋಲು, ಗೋಡೆಯ ಮೇಲೆ ಹಳೇ ಡ್ರಾಯಿಂಗ್. ಹದಿನೇಳನೆಯದು ಅಂಥದ್ದಾಗಿರಲಿಲ್ಲ.

ತಗಡು ಒತ್ತುವ ನಾಲ್ಕನೇ ನಂಬರ್ ಪ್ರೆಸ್ಸಿನ ಬಾಯಿಯ ಎರಡೂ ಪಕ್ಕದಲ್ಲಿ ಎರಡು ಹಳದಿ ಕಂಬಗಳಿದ್ದವು. ಅವುಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇರುತ್ತದೆ. ಕೈ ಅದನ್ನು ದಾಟಿದರೆ, ಮೇಲಿಂದ ಇಳಿಯುವ ಅಚ್ಚು ಇದ್ದಲ್ಲೇ ನಿಲ್ಲಬೇಕು. ಅಚ್ಚು ಬದಲಿಸುವವರಿಗೆ ಪರದೆ ಅಡ್ಡ ಬರುತ್ತದೆಂದು ಅದನ್ನು ಆರಿಸಲು ಒಂದು ಕೀ ಸ್ವಿಚ್ ಕೊಟ್ಟಿರುತ್ತಾರೆ. ಅಚ್ಚು ಕೂರಿಸಿದ ಮೇಲೆ ಕೀಯನ್ನು ತಿರುಗಿಸಿ, ಕಿತ್ತು, ಮೇಲ್ವಿಚಾರಕರ ಬಳಿ ಇಡಬೇಕು. ನಾನು ನೋಡಿದಾಗ ಕೀ ಸ್ವಿಚ್ಚಿನಲ್ಲೇ ಇತ್ತು. ಪರದೆ ಆರಿಸಿದ ಕಡೆಗೇ ತಿರುಗಿ ನಿಂತು, ಅದರ ಮೇಲೆ ಎಣ್ಣೆ ಧೂಳು ಕೂತು ಕಪ್ಪಗಾಗಿತ್ತು. ಆ ಕೀಯನ್ನು ಯಾರೂ ಮುಟ್ಟದೆ ತಿಂಗಳುಗಳೇ ಆಗಿದ್ದವು.

“ಆನ್ ಮಾಡಿದ್ರೆ ಮಿಷಿನ್ ಓಡಲ್ಲ ಸಾರ್,” ಎಂದ ಫಿಟ್ಟರ್. ಪ್ರೆಸ್ಸುಗಳ ರಿಪೇರಿ ನೋಡಿಕೊಳ್ಳುವವನು ಅವನೇ. “ಎಣ್ಣೆ ಹೊಗೆ ಗಾಜಿಗೆ ಕೂತ್ಬುಡತ್ತೆ. ಕೈ ಇರ್ಲಿ ಬಿಡ್ಲಿ, ನಿಂತ್ಕತದೆ. ಹೊಸ ಸೆನ್ಸರ್ ಬೇಕು ಅಂತ ಬರ್ಕೊಟ್ಟಿದೀನಿ. ಬಂದಿಲ್ಲ.”

ನಾನು ಹದಿನೇಳನೇ ನಂಬರ್ ಹಾಕಿ ಬರೆದುಕೊಂಡೆ. ಆಗ ಆ ಪ್ರೆಸ್ಸಿನ ಮುಂದೆ ಕೂತಿದ್ದ ಹೆಂಗಸು ಕೆಲಸ ನಿಲ್ಲಿಸಿ ನನ್ನತ್ತ ನೋಡಿದರು. ರಾಜೀವನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ, ಮೂವತ್ತು ದಾಟಿದ ಆಪರೇಟರ್. ತಲೆಗೆ ದುಪಟ್ಟಾ ಬಿಗಿದು ಕಟ್ಟಿಕೊಂಡಿದ್ದರು.

“ಸರಿ ಮಾಡಿಸ್ತೀರಾ ಸಾರ್?” ಎಂದು ಕೇಳಿದರು.

“ಅದಕ್ಕೇ ಬರ್ಕೊಂಡಿರೋದು ಕಣಮ್ಮ,” ಎಂದೆ.

ಆರು ದಿನ ಕಳೆಯಿತು. ಶನಿವಾರ ಮಧ್ಯಾಹ್ನ ಪ್ಲಾಂಟ್ ಹೆಡ್ ನನ್ನ ಮೇಜಿನ ಬಳಿ ಬಂದರು. ಇಡೀ ಕಾರ್ಖಾನೆಯ ಉತ್ಪಾದನೆ ಅವರ ಕೈಯಲ್ಲಿತ್ತು. ಮಾಲೀಕರು ಅವರ ಮಾತನ್ನಷ್ಟೇ ಕೇಳುತ್ತಿದ್ದರು.

“ಎಷ್ಟು ಓಪನ್ ಇದೆ?”

“ಒಂಬತ್ತು ಸಾರ್. ಹದಿನೇಳನೇದು ಸೇರಿ.”

“ಹದಿನೇಳು ಆಯ್ತಲ್ರೀ. ಕೀ ತೆಗ್ಸಿ ನನ್ ಡ್ರಾಯರ್‌ನಲ್ಲಿ ಇಟ್ಟಿದೀನಿ. ಪರದೆ ಆನ್ ಇದೆ. ಸೈನ್ ಹಾಕಿ ಕ್ಲೋಸ್ ಮಾಡಿ.”

ನನ್ನ ಮೇಜಿನಿಂದ ನಾಲ್ಕನೇ ಪ್ರೆಸ್ಸಿಗೆ ಎಂಬತ್ತು ಹೆಜ್ಜೆ. ಆಮೇಲೆ ಒಂದು ದಿನ ಎಣಿಸಿ ನೋಡಿದ್ದೇನೆ. ಅವತ್ತು ನನಗೆ ಹೊತ್ತಿರಲಿಲ್ಲ ಎಂದು ಬಹಳ ಜನರ ಮುಂದೆ ಹೇಳಿಕೊಂಡಿದ್ದೇನೆ. ಹೊತ್ತಿತ್ತು. ಹೋಗಿ ನೋಡಿದರೆ ಕೀ ಅಲ್ಲೇ ಇರುತ್ತದೆಂದು ನನಗೆ ಹೆಚ್ಚುಕಡಿಮೆ ಗೊತ್ತಿತ್ತು. ನೋಡಿಬಿಟ್ಟರೆ ಸಹಿ ಹಾಕುವಂತಿರಲಿಲ್ಲ. ಅದಕ್ಕೇ ಹೋಗಲಿಲ್ಲ. ‘ಸ್ಥಳದಲ್ಲಿ ಪರಿಶೀಲಿಸಿದೆ. ಪರದೆ ಕೆಲಸ ಮಾಡುತ್ತಿದೆ. ಕೀ ತೆಗೆದು ಸುರಕ್ಷಿತವಾಗಿ ಇಡಲಾಗಿದೆ’ ಎಂದು ಬರೆದು, ತಾರೀಖು ಹಾಕಿ, ಸಹಿ ಹಾಕಿದೆ. ಆಮೇಲೆ ಸ್ಕೂಟರ್ ಹತ್ತಿ ಜಯಲಕ್ಷ್ಮಿಪುರಂನ ಮನೆಗೆ ಬಂದು ಊಟ ಮಾಡಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಮುಂದಿನ ಬುಧವಾರ, ಹನ್ನೊಂದು ಗಂಟೆಯ ಟೀ ಮುಗಿದ ಸ್ವಲ್ಪ ಹೊತ್ತಿಗೆ ಪ್ರೆಸ್ಸುಗಳು ಓಡುವ ಶಾಪಿನ ಸದ್ದು ಬದಲಾಯಿತು. ಪ್ರೆಸ್ ಶಾಪಿನ ಸದ್ದಿಗೆ ಒಂದು ಲಯ ಇರುತ್ತದೆ. ಒಂದು ಯಂತ್ರ ನಿಂತರೆ ಆಫೀಸಿನಲ್ಲಿ ಕೂತವರಿಗೂ ತಿಳಿಯುತ್ತದೆ. ಅವತ್ತು ಒಂದಾದ ಮೇಲೊಂದು ಎಲ್ಲವೂ ನಿಂತವು.

ನಾನು ಹೋಗುವಷ್ಟರಲ್ಲಿ ನಾಲ್ಕನೇ ಪ್ರೆಸ್ಸಿನ ಆ ಆಪರೇಟರನ್ನು ಕಾರ್ಖಾನೆಯ ವ್ಯಾನಿನಲ್ಲಿ ಕರೆದೊಯ್ದಿದ್ದರು. ಒತ್ತಿದ ತುಂಡೊಂದು ಕೆಳಗಿನ ಅಚ್ಚಿಗೆ ಕಚ್ಚಿಕೊಂಡಿತ್ತು. ಅದನ್ನು ಕೀಳಲು ಅವರು ಬಲಗೈ ಒಳಗೆ ಹಾಕಿದ್ದರು. ಕಾಲು, ಅಚ್ಚು ಇಳಿಸುವ ಪೆಡಲಿನ ಮೇಲೆ ಜಾರಿತ್ತು. ಪರದೆ ಇದ್ದಿದ್ದರೆ ಅಚ್ಚು ಅರ್ಧದಲ್ಲೇ ನಿಲ್ಲುತ್ತಿತ್ತು. ಮೂರು ಬೆರಳು ಹೋದವು: ತೋರುಬೆರಳು, ನಡುಬೆರಳು, ಉಂಗುರ ಬೆರಳು.

ನಾನು ಮೊದಲು ನೋಡಿದ್ದು ರಕ್ತವನ್ನಲ್ಲ, ಸ್ವಿಚ್ಚನ್ನು. ಕೀ ಅದರಲ್ಲಿರಲಿಲ್ಲ. ಪರದೆಯ ಹಸಿರು ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಸುತ್ತ ಎಣ್ಣೆ ಧೂಳಿನ ಕಪ್ಪು ಹಾಗೇ ಇತ್ತು. ಕೀ ಕೂತಿದ್ದ ಜಾಗ ಮಾತ್ರ ಹೊಳೆಯುತ್ತಿತ್ತು.

ಫಿಟ್ಟರ್ ಬಟ್ಟೆಯಿಂದ ಅಚ್ಚು ಒರೆಸುತ್ತಿದ್ದ. ತಲೆ ಎತ್ತದೆ, “ಈಗ್ತಾನೆ ತಿರುಗ್ಸಿ ಕಿತ್ಕೊಂಡು ಹೋದ್ರು ಸಾರ್,” ಎಂದ. ಯಾರು ಎಂದು ನಾನು ಕೇಳಲಿಲ್ಲ.

ಊಟದ ಹೊತ್ತಿಗೆ ಅಚ್ಚು ತೊಳೆದಾಯಿತು. ಎರಡನೇ ಪಾಳಿಗೆ ಕೀ ಮತ್ತೆ ಸ್ವಿಚ್ಚಿಗೆ ಬಂತು. ಅದೇ ಪ್ರೆಸ್, ಅದೇ ಅಚ್ಚು, ಬೇರೆ ಹೆಂಗಸು. ಲಾರಿ ಸಂಜೆ ಹೊರಡಬೇಕಿತ್ತು. ಕಲೆಯಾದ ತುಂಡುಗಳನ್ನು ಕೆಂಪು ಡಬ್ಬಿಗೆ ಹಾಕಿ ತಿರಸ್ಕೃತ ಮಾಲಿನ ಚೀಟಿ ಅಂಟಿಸುವುದು ನನ್ನ ವಿಭಾಗದ ಕೆಲಸ. ಚೀಟಿಯಲ್ಲಿ ಕಾರಣ ಬರೆಯಬೇಕು. ಕಾರಣಗಳ ಪಟ್ಟಿಯಲ್ಲಿ ಗೀರು, ಡೊಂಕು, ತುಕ್ಕು, ಎಣ್ಣೆ ಕಲೆ ಇದ್ದವು. ನನಗೆ ಬೇಕಾದದ್ದು ಇರಲಿಲ್ಲ. ನಾನು ‘ಎಣ್ಣೆ ಕಲೆ’ ಎಂದು ಬರೆದೆ.

ಅಪಘಾತ ಆದರೆ ಮೂಲ ಕಾರಣ ಹುಡುಕಬೇಕು. ಅದಕ್ಕೆ ಒಂದು ಪದ್ಧತಿಯಿದೆ. ‘ಏಕೆ’ ಎಂದು ಐದು ಸಲ ಕೇಳಬೇಕು; ಪ್ರತಿ ಉತ್ತರವನ್ನೂ ಮತ್ತೆ ‘ಏಕೆ’ ಎಂದು ಕೆದಕಬೇಕು. ನಾನು ಅವತ್ತು ಸಂಜೆ ಕೂತು ಪ್ರಾಮಾಣಿಕವಾಗಿಯೇ ಬರೆದೆ. ಬೆರಳು ಏಕೆ ಸಿಕ್ಕಿತು? ತುಂಡು ಕೀಳಲು ಕೈ ಒಳಗಿತ್ತು. ಕೈ ಒಳಗಿದ್ದಾಗ ಅಚ್ಚು ಏಕೆ ಇಳಿಯಿತು? ಪೆಡಲ್ ಒತ್ತಿತು, ಪರದೆ ತಡೆಯಲಿಲ್ಲ. ಪರದೆ ಏಕೆ ತಡೆಯಲಿಲ್ಲ? ಆರಿಸಿತ್ತು. ಏಕೆ ಆರಿಸಿತ್ತು? ಕೆಟ್ಟ ಸೆನ್ಸರ್ ಬದಲಿಸಿರಲಿಲ್ಲ, ಉತ್ಪಾದನೆ ನಿಲ್ಲಬಾರದಿತ್ತು. ಇಷ್ಟೆಲ್ಲ ಗೊತ್ತಿದ್ದೂ ಏಕೆ ಹಾಗೇ ಓಡಿತು? ಹದಿನೇಳನೇ ಲೋಪ ಸರಿಯಾಗಿದೆ ಎಂದು ಸಹಿ ಬಿದ್ದಿತ್ತು.

ಐದನೇ ಉತ್ತರದ ಮುಂದೆ ಪೆನ್ನು ಹಿಡಿದು ಕೂತೇ ಇದ್ದೆ.

ಪ್ಲಾಂಟ್ ಹೆಡ್ ಬಂದು ಹಾಳೆ ತೆಗೆದುಕೊಂಡು ನಿಂತುಕೊಂಡೇ ಓದಿದರು. ಕೋಪ ಮಾಡಿಕೊಳ್ಳಲಿಲ್ಲ.

“ಚೆನ್ನಾಗ್ ಬರ್ದಿದೀರ. ಇದನ್ನ ಕೊಟ್ರೆ ನನ್ ಕೆಲ್ಸ ಹೋಗತ್ತೆ, ಹೌದು. ಮೊದ್ಲು ಹೋಗೋದು ಯಾರದ್ದು ಹೇಳಿ? ಸೈನ್ ಯಾರ್ದಿದೆ?”

ಹಾಳೆಯನ್ನು ನನ್ನ ಮುಂದೆ ವಾಪಸ್ ಇಟ್ಟರು.

“ಎರಡಕ್ಕೇ ನಿಲ್ಸಿ. ಕೈ ಹಾಕಬಾರದಿತ್ತು, ಹಾಕಿದ್ಲು. ಆಪರೇಟರ್ ಅಜಾಗರೂಕತೆ. ಪರಿಹಾರ ಅಂತ ಮರು ತರಬೇತಿ ಬರೀರಿ. ಅಷ್ಟೇ ಕಣ್ರೀ.”

ಹೊಸ ಹಾಳೆ ತೆಗೆದು ಎರಡಕ್ಕೆ ನಿಲ್ಲಿಸಿದೆ. ಹಳೆಯ ಹಾಳೆಯನ್ನು ನಾನೇ ಹರಿದೆ.

ಎರಡು ದಿನ ಬಿಟ್ಟು ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದೆ. ಕಾಗದ ಟೈಪ್ ಆಗಿ ಬಂದಿತ್ತು. ಅವರು ದಿಂಬಿಗೆ ಒರಗಿದ್ದರು. ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು. ನೋವಿನ ಔಷಧಿಗೆ ಕಣ್ಣು ಎಳೆಯುತ್ತಿತ್ತು. ನನ್ನನ್ನು ನೋಡಿ ಎದ್ದು ಕೂರಲು ಹೋದರು.

“ಮಲ್ಕೋ ಮಲ್ಕೋ,” ಎಂದೆ.

“ನನ್ ಮಿಷಿನ್‌ನಾಗೆ ಈಗ ಯಾರಿದಾರೆ ಸಾರ್?”

ಹೇಳಿದೆ.

“ಆ ತುಂಡು ಕಚ್ಕೊಳ್ತದೆ ಸಾರ್. ಕೈ ಹಾಕ್ಬೇಡ ಅಂತ ಹೇಳಿ ಅವ್ಳಿಗೆ. ಇಕ್ಕಳ ಇಟ್ಕೊಳ್ಳೋಕೆ ಹೇಳಿ.”

ಹೇಳುತ್ತೇನೆ ಎಂದು ಕಾಗದ ಮುಂದೆ ಹಿಡಿದೆ. ಏನು ಬರೆದಿದೆ ಎಂದು ಕೇಳಿದರು. ಓದಿದೆ: ಇಂಥ ದಿನ, ಇಂಥ ಪಾಳಿ, ಇಂಥ ಯಂತ್ರ, ತುಂಡು ಕಚ್ಚಿಕೊಂಡಾಗ ಕೈ ಹಾಕಿದೆ. ಅಲ್ಲಿಗೆ ನಿಲ್ಲಿಸಿದೆ. ಕೆಳಗೆ ಇನ್ನೂ ಎರಡು ಸಾಲಿದ್ದವು. ‘ಪರದೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಬೇಗ ಮುಗಿಸಲು ಕೀ ತಂದು ನಾನೇ ಅದನ್ನು ಆರಿಸಿದ್ದೆ.’ ಆ ಎರಡು ಸಾಲಿನ ಮೇಲೆ ನನ್ನ ಹೆಬ್ಬೆರಳಿತ್ತು.

“ಇಷ್ಟೇನಾ ಸಾರ್?”

“ಇಷ್ಟೇ. ಇನ್ಶೂರೆನ್ಸ್‌ಗೆ ಬೇಕಮ್ಮ. ಇಲ್ಲಿ ಹಾಕು.”

ಎಡಗೈಯಲ್ಲಿ ಹೆಸರು ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಒಂದಕ್ಕೊಂದು ತಾಗದೆ ಗೆರೆಯಿಂದ ಕೆಳಗಿಳಿದವು. ತಪ್ಪಾಯಿತೇನೋ ಎಂದು ನನ್ನ ಮುಖ ನೋಡಿದರು. “ಸರಿಯಾಗಿದೆ,” ಎಂದೆ.

ಇಕ್ಕಳದ ವಿಷಯ ಆ ಇನ್ನೊಬ್ಬ ಹೆಂಗಸಿಗೆ ಹೇಳಲು ಮರೆತುಬಿಟ್ಟೆ.

ಆಡಿಟ್ ಎರಡು ದಿನ ನಡೆಯಿತು. ಆಡಿಟರ್ ಮಿತಭಾಷಿ, ಕೆಲಸ ಬಲ್ಲವರು. ನಾಲ್ಕನೇ ಪ್ರೆಸ್ಸಿನ ಮುಂದೆ ನಿಂತು, ಕೋಲೊಂದನ್ನು ಪರದೆಯೊಳಗೆ ತೂರಿಸಿದರು. ಅಚ್ಚು ಗಕ್ಕನೆ ನಿಂತಿತು. ಅಪಘಾತವಾದ ಮೂರನೇ ದಿನ ಹೊಸ ಸೆನ್ಸರ್ ಬಂದಿತ್ತು. ತರಿಸಲು ಒಂದು ಫೋನ್ ಸಾಕಾಗಿತ್ತು. ಆಮೇಲೆ ಅವರು ಅಪಘಾತದ ಕಡತ ಕೇಳಿ, ನನ್ನ ‘ಏಕೆ’ ಹಾಳೆಯನ್ನು ಎರಡು ಸಲ ಓದಿದರು.

“ಎರಡಕ್ಕೇ ನಿಂತಿದೆಯಲ್ಲ. ಉಳಿದ ಮೂರು ಎಲ್ಲಿ?”

“ಎರಡರಲ್ಲೇ ಮೂಲ ಕಾರಣ ಸಿಕ್ತು ಸಾರ್.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಕುಸಿಯುತ್ತಿದ್ದೆ ಎಂದು ಎಷ್ಟೋ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಅವರು ‘ವಿಶ್ಲೇಷಣೆ ಇನ್ನಷ್ಟು ಆಳವಾಗಿರಬಹುದಿತ್ತು’ ಎಂದೊಂದು ಸಾಲು ಬರೆದು, ಸರ್ಟಿಫಿಕೇಟಿಗೆ ಶಿಫಾರಸು ಮಾಡಿದರು. ಮಾಲೀಕರು ಎಲ್ಲ ಪಾಳಿಗಳಿಗೂ ಸಿಹಿ ಹಂಚಿಸಿದರು. ನನಗೆ ಎಲ್ಲರೆದುರು ಹಾರ ಹಾಕಿದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ತಿಂಗಳ ನಂತರ ಕಾರ್ಖಾನೆಗಳ ಇಲಾಖೆಯ ಅಧಿಕಾರಿ ಆ ಆಪರೇಟರನ್ನು ವಿಚಾರಿಸಲು ಹೋದಾಗ, ಆ ಪರದೆ ತಾನು ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನವೂ ಉರಿದಿಲ್ಲ ಎಂದು ಆಕೆ ಹೇಳಿಬಿಟ್ಟರು. ಸುದ್ದಿ ತಲುಪಿದ ವಾರದಲ್ಲೇ ಕಂಪನಿ ಅವರಿಗೆ ಆರೋಪಪಟ್ಟಿ ಕಳಿಸಿತು. ಸುರಕ್ಷತಾ ಸಾಧನವನ್ನು ಉದ್ದೇಶಪೂರ್ವಕವಾಗಿ ನಿಷ್ಕ್ರಿಯಗೊಳಿಸಿದ್ದು ಆರೋಪ. ಸಾಬೀತಾದರೆ ಕೆಲಸದಿಂದ ವಜಾ.

ಸಾಕ್ಷ್ಯ ಎರಡು. ಒಂದು ಅವರ ಎಡಗೈ ಸಹಿ ಇದ್ದ ಹೇಳಿಕೆ. ಇನ್ನೊಂದು ನನ್ನ ಹದಿನೇಳನೇ ಫಾರಂ. ಅಪಘಾತಕ್ಕೆ ನಾಲ್ಕು ದಿನ ಮುಂಚೆ ಪರದೆ ಕೆಲಸ ಮಾಡುತ್ತಿತ್ತು, ಕೀ ತೆಗೆದಿಡಲಾಗಿತ್ತು ಎಂದು ಗುಣಮಟ್ಟದ ಎಂಜಿನಿಯರ್ ಸ್ಥಳದಲ್ಲಿ ನೋಡಿ ಬರೆದಿದ್ದಾರೆ. ಅಂದ ಮೇಲೆ ಆರಿಸಿದವರು ಯಾರು? ಯಂತ್ರದ ಮುಂದೆ ಕೂತವರು. ನನ್ನ ಸೋಮಾರಿತನದ ಸಹಿ ಇಷ್ಟು ಅಚ್ಚುಕಟ್ಟಾಗಿ ಒಬ್ಬರನ್ನು ಅಪರಾಧಿ ಮಾಡಬಲ್ಲದು ಎಂದು ನನಗೆ ಹೊಳೆದಿರಲಿಲ್ಲ. ಪ್ಲಾಂಟ್ ಹೆಡ್‌ಗೆ ಹೊಳೆದಿತ್ತು.

“ನೀವು ಮಾತಾಡೋದು ಎರಡೇ ನಿಮಿಷ. ಫಾರಂ ನಂದು, ಸೈನ್ ನಂದು ಅನ್ನಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ,” ಎಂದರು.

ವಿಚಾರಣೆ ನಮ್ಮದೇ ಮೀಟಿಂಗ್ ರೂಮಿನಲ್ಲಿ ನಡೆಯಿತು. ಹೊರಗಿನಿಂದ ಬಂದ ವಕೀಲರೊಬ್ಬರು ವಿಚಾರಣಾಧಿಕಾರಿ. ಕಂಪನಿಯ ಪರ ಪ್ಲಾಂಟ್ ಹೆಡ್. ಎದುರಿಗೆ ಆಕೆ ಒಬ್ಬರೇ. ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆತರಬಹುದಿತ್ತು. ಫಿಟ್ಟರನ್ನು ಕೇಳಿದ್ದರಂತೆ. ಅವನು ಅವತ್ತು ರಜೆ ಹಾಕಿದ್ದ.

ಮೊದಲು ಅವರ ಹೇಳಿಕೆಯನ್ನು ಪೂರ್ತಿ ಓದಲಾಯಿತು. ಕೊನೆಯ ಎರಡು ಸಾಲು ಬಂದಾಗ, “ಇದು ನಾನ್ ಹೇಳಿದ್ದಲ್ಲ,” ಎಂದರು.

“ಸಹಿ ನಿಮ್ಮದಲ್ವೇನಮ್ಮ?” ವಿಚಾರಣಾಧಿಕಾರಿ ಕೇಳಿದರು.

“ಹೂಂ. ನಂದೇ.”

ಅಷ್ಟು ಹೇಳಿ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಿದ್ದೆ.

ನನ್ನ ಸರದಿ ಬಂತು. ಫಾರಂ ನನ್ನದು, ಸಹಿ ನನ್ನದು ಎಂದೆ. ಬೆಳಿಗ್ಗೆ ಸ್ನಾನ ಮಾಡುವಾಗ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು. ಏಳಲು ಹೊರಟೆ.

“ಇವರನ್ನ ಏನಾದ್ರೂ ಕೇಳೋದಿದ್ರೆ ಕೇಳಬಹುದಮ್ಮ. ನಿಮಗೆ ಹಕ್ಕಿದೆ,” ಎಂದರು ವಿಚಾರಣಾಧಿಕಾರಿ.

ಆಕೆ ನನ್ನತ್ತ ತಿರುಗಿದರು. ಬಲಗೈ ದುಪಟ್ಟಾದೊಳಗಿತ್ತು.

“ಸಾರ್, ಅವತ್ತು ಸೈನ್ ಹಾಕೋಕೆ ಮುಂಚೆ ನೀವು ನನ್ ಮಿಷಿನ್ ಹತ್ರ ಬಂದಿದ್ರಾ?”

ಬೈದಿರಲಿಲ್ಲ, ಅತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವರ ಹಾಗೆ ಕೇಳಿದ್ದರು. ಬಂದಿದ್ದೆ ಎಂದು ಹೇಳಲು ಬಾಯಿ ತೆರೆದೆ. ಪ್ಲಾಂಟ್ ಹೆಡ್ ಕೆಮ್ಮಿದರು.

“ಇಲ್ಲ,” ಎಂದೆ. “ಬಂದಿರಲಿಲ್ಲ. ನನ್ನ ಸೀಟಿನಲ್ಲಿ ಕೂತೇ ಸಹಿ ಹಾಕಿದೆ.”

“ಯೋಚನೆ ಮಾಡಿ ಹೇಳಿ. ಹಾಗೇ ಬರ್ಕೊಳ್ಳಲಾ?” ವಿಚಾರಣಾಧಿಕಾರಿಯ ಪೆನ್ನು ನಿಂತಿತ್ತು.

“ಬರ್ಕೊಳ್ಳಿ.”

ಆಸ್ಪತ್ರೆಯಲ್ಲಿ ಎರಡು ಸಾಲು ಮುಚ್ಚಿ ಓದಿದ್ದೂ ಅದರ ಜೊತೆಗೇ ಬಾಯಿಗೆ ಬಂತು. ನುಂಗಿಕೊಂಡೆ. ಅದನ್ನು ಅವರು ಕೇಳಿರಲಿಲ್ಲ.

ಫಾರಂ ಬಿದ್ದುಹೋದ ಮೇಲೆ ವಿಚಾರಣಾಧಿಕಾರಿ ಆ ಹೇಳಿಕೆಯನ್ನೂ ನಂಬಲಿಲ್ಲ, ಆರೋಪವೂ ಬಿದ್ದುಹೋಯಿತು. ಅವರ ಕೆಲಸ ಉಳಿಯಿತು. ನನ್ನ ಮೇಲೆ ಸುಳ್ಳು ದಾಖಲೆ ಬರೆದ ಆರೋಪ ಬಂತು. ಅದಕ್ಕೆ ವಿಚಾರಣೆಯೂ ಬೇಕಾಗಲಿಲ್ಲ, ನನ್ನ ಮಾತೇ ಸಾಕ್ಷಿಯಾಯಿತು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಕಂಪನಿ ಕಳಿಸಿದ ವರದಿಯ ವಿಷಯವನ್ನು ಫಿಟ್ಟರ್ ಫೋನಿನಲ್ಲಿ ಹೇಳಿದ. ಈ ಸಲ ಐದು ‘ಏಕೆ’ಗಳನ್ನೂ ಪೂರ್ತಿ ಬರೆದಿದ್ದರಂತೆ. ಐದನೆಯದಕ್ಕೆ ಉತ್ತರ ನಾನು. ‘ಸಂಬಂಧಪಟ್ಟ ಉದ್ಯೋಗಿಯನ್ನು ತೆಗೆದುಹಾಕಲಾಗಿದೆ’ ಎಂಬುದೇ ಸರಿಪಡಿಸುವ ಕ್ರಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆರನೇ ಸಲ ‘ಏಕೆ’ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪ್ಲಾಂಟ್ ಹೆಡ್ ಅಲ್ಲೇ ಇದ್ದಾರೆ. ಸರ್ಟಿಫಿಕೇಟ್ ಕೂಡ ಗಾಜಿನ ಚೌಕಟ್ಟಿನಲ್ಲಿ ಬಾಗಿಲ ಬಳಿ ಇದೆಯಂತೆ.

ಏಳೆಂಟು ತಿಂಗಳಾದ ಮೇಲೆ ಹೆಬ್ಬಾಳದಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕೇಳಲು ಹೋಗಿದ್ದೆ. ಹಿಂದಿನ ಕಂಪನಿ ಯಾಕೆ ಬಿಟ್ಟಿರಿ ಎಂದು ಅವರೂ ಕೇಳಿದರು. ಹೊರಗೆ ಬಂದಾಗ ಎರಡು ಗಂಟೆಯ ಪಾಳಿ ಬಿಟ್ಟಿತ್ತು. ಬಸ್ ಸ್ಟಾಪಿನಲ್ಲಿ ಆ ಆಪರೇಟರ್ ನಿಂತಿದ್ದರು. ಹೋಗಲೋ ಬೇಡವೋ ಎಂದುಕೊಂಡು ಕೊನೆಗೆ ಹತ್ತಿರ ಹೋದೆ.

“ಹೇಗಿದೀರಮ್ಮ?” ಎಂದೆ. ಬಹುವಚನ ನಾಲಿಗೆಗೆ ಹೊಸದಾಗಿತ್ತು.

“ಇದೀನಿ ಸಾರ್. ಪ್ಯಾಕಿಂಗ್‌ಗೆ ಹಾಕವ್ರೆ.” ನಿಂತಲ್ಲಿಂದ ಕದಲದೆ ಹೇಳಿದರು. “ಹೊಸಬ್ರು ಸೇರಿದ್ರೆ ನನ್ನ ಕರೀತಾರೆ. ಕೈ ತೋರ್ಸು ಅಂತಾರೆ. ಸುರಕ್ಷತಾ ಸಪ್ತಾಹಕ್ಕೆ ಸ್ಟೇಜ್ ಮೇಲೆ ಕರ್ದು ಶಾಲು ಹಾಕಿದ್ರು. ಪ್ರತಿಜ್ಞೆ ಮಾಡಿಸ್ತಾರಲ್ಲ, ಎಲ್ರೂ ಬಲಗೈ ಮುಂದಕ್ಕೆ ಚಾಚಿ ಅಂದ್ರು. ನಾನೂ ಚಾಚ್ದೆ. ಫೋಟೋ ತೆಗೆದ್ರು.”

ತಪ್ಪಾಯಿತು ಎಂದೆ. ನನ್ನ ಕೆಲಸ ಹೋದದ್ದನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅದನ್ನು ಕೇಳಿ ಅವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಬರಲಿ ಎಂದಿರಬೇಕು.

“ಗೊತ್ತು ಸಾರ್. ಶಾಪ್‌ನಾಗೆ ಎಲ್ರೂ ಹೇಳ್ತಾರೆ, ಆ ಸಾರ್ ನಿನಗೋಸ್ಕರ ಕೆಲ್ಸ ಕಳ್ಕೊಂಡ್ರು, ನಿಜ ಹೇಳಿದ್ರು ಅಂತ.” ಬಸ್ಸು ಬರುವ ಕಡೆಯೇ ನೋಡುತ್ತಿದ್ದರು. “ನಾನ್ ಕೇಳ್ದೆ, ನೀವ್ ಹೇಳಿದ್ರಿ. ಕೇಳ್ದೇ ಇದ್ದಿದ್ರೆ?”

ಉತ್ತರಕ್ಕೆಂದು ಅವರು ಕಾಯಲಿಲ್ಲ. ಬಸ್ಸು ಬಂತು. ಟಿಫಿನ್ ಚೀಲವನ್ನು ಭುಜಕ್ಕೇರಿಸಿ, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದರು. ಒಳಗಿದ್ದ ಯಾರೋ ಎದ್ದು ಜಾಗ ಕೊಟ್ಟರು. ಅವರು ಕೂರಲಿಲ್ಲ.